ಏಳು ದಿನದ ಗೈಡ್ ಕ್ಯಾಪ್ಟನ್ ಬೇಸಿಕ್ ಕೋರ್ಸ್: ಊಟಕ್ಕೆ ನಾಲ್ಕು ಸ್ಟಾರ್, ಬಾತ್‌ರೂಮಿಗೆ ಒಂದು

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಿಂದ ಪಟ್ಟಿ ಹೊರಟ ಸಂಜೆಯಿಂದಲೇ ನನಗೆ ಫೋನು ಶುರು. "ಮೇಡಂ, ಬೇಸಿಕ್ ಕೋರ್ಸಿಗೆ ನನ್ನ ಹೆಸರು ಹಾಕಿದಾರೆ. ನೀವು ಹೋಗ್ಬಂದಿದ್ರಲ್ಲ, ಹೆಂಗಿರುತ್ತೆ? ಹುಷಾರಿಲ್ಲ ಅಂತ ತಪ್ಪಿಸ್ಕೊಳ್ಳಕ್ಕೆ ಆಗುತ್ತಾ?" ಈ ಸಲ ಆರು ಜನಕ್ಕೆ ಇದೇ ಉತ್ತರ ಹೇಳಿ ಗಂಟಲು ಕಟ್ಟಿತು. ಅದಕ್ಕೇ ಬರೆದು ಹಾಕುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು. ಗೊತ್ತಿಲ್ಲದವರಿಗೆ: ಹುಡುಗರಿಗೆ ಸ್ಕೌಟ್ ಇದ್ದ ಹಾಗೆ ಹುಡುಗಿಯರಿಗೆ ಗೈಡ್, ಶಾಲೆಯಲ್ಲಿ ಅವರನ್ನು ನಡೆಸುವ ಟೀಚರೇ ಗೈಡ್ ಕ್ಯಾಪ್ಟನ್, ಅದಕ್ಕೆ ಮೊದಲ ತರಬೇತಿ ಈ ಬೇಸಿಕ್ ಕೋರ್ಸ್.

ನಾನು ಹಾಸನ ಜಿಲ್ಲೆಯ ಒಂದು ಹೋಬಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಹತ್ತೊಂಬತ್ತು ವರ್ಷದ ಸರ್ವಿಸ್. ಸ್ಕೌಟು, ಗೈಡು ಅಂದರೆ ನನಗೆ ಗೊತ್ತಿದ್ದದ್ದು ಆಗಸ್ಟ್ ಹದಿನೈದಕ್ಕೆ ಮುಂದಿನ ಸಾಲಿನಲ್ಲಿ ಸ್ಕಾರ್ಫ್ ಕಟ್ಟಿಕೊಂಡು ನಿಲ್ಲುವ ಮಕ್ಕಳು, ಯಾರಾದರೂ ದೊಡ್ಡವರು ಬಂದರೆ ಬಿಸಿಲಲ್ಲಿ ಎರಡು ಸಾಲು ಕಟ್ಟಿ ಸೆಲ್ಯೂಟ್ ಹೊಡೆಯುವ ಮಕ್ಕಳು, ಅಷ್ಟೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಅಂತಾರಾಷ್ಟ್ರೀಯ ಜಾಂಬೂರಿ, ಅಂದರೆ ಸ್ಕೌಟ್ ಗೈಡ್‌ಗಳ ದೊಡ್ಡ ಮೇಳ, ನಡೆದಾಗ ಪಕ್ಕದ ಶಾಲೆಯ ಮೇಡಂ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದು ಒಂದು ತಿಂಗಳು ಅದೇ ಮಾತಾಡಿದ್ದರು. ಆಗಲೂ ನನಗೆ 'ಪಾಪ, ಅಷ್ಟು ಮಕ್ಕಳನ್ನ ಹೇಗೆ ಎಣಿಸಿಕೊಂಡು ವಾಪಸ್ ತಂದರೋ' ಅನ್ನಿಸಿತ್ತೇ ಹೊರತು ಬೇರೇನೂ ಅಲ್ಲ. "ನಿಮ್ಮ ಮಕ್ಕಳು ದೊಡ್ಡೋರಾಗಿದಾರೆ, ಮನೇಲಿ ಅಡಚಣೆ ಇಲ್ಲ, ನೀವೇ ಹೋಗ್ಬನ್ನಿ ಮೇಡಂ" ಅಂತ ಹೆಡ್ಮಾಸ್ಟರು ನನ್ನ ಹೆಸರು ಬರೆದರು. ಒಒಡಿ (ಶಾಲೆಗೆ ಬರದಿದ್ದರೂ ಡ್ಯೂಟಿ ಅಂತಲೇ ಲೆಕ್ಕ) ಸಿಗುತ್ತೆ, ಏಳು ದಿನ ನೋಟ್ಸ್ ತಿದ್ದುವುದು ತಪ್ಪುತ್ತೆ ಅಂತ ನಾನೂ ಹೂಂ ಅಂದೆ.

ಶಿಬಿರ ನಡೆದ ಜಾಗದ ಹೆಸರು ಹಾಕುವುದಿಲ್ಲ. ಬಾತ್‌ರೂಮಿನ ಬಗ್ಗೆ ಬರೆಯುವುದಿದೆ.

ಅದನ್ನೇ ಮೊದಲು ಮುಗಿಸಿಬಿಡುತ್ತೇನೆ. ನಲವತ್ತು ಚಿಲ್ಲರೆ ಹೆಂಗಸರಿಗೆ ಐದು ಬಾತ್‌ರೂಮು, ಅದರಲ್ಲಿ ಒಂದಕ್ಕೆ ಚಿಲಕ ಇಲ್ಲ. ಹೊರಗೆ ಒಬ್ಬರು ಕಾವಲು ನಿಂತು ಹಾಡು ಹೇಳಬೇಕು. ನಾಲ್ಕಕ್ಕೆ ಎದ್ದವರಿಗೆ ಹಂಡೆಯ ಬಿಸಿನೀರು, ನಾಲ್ಕೂವರೆಗೆ ಎದ್ದವರಿಗೆ ಉಗುರುಬೆಚ್ಚಗೆ, ಐದರ ವಿಸಿಲ್ಲಿಗೆ ಎದ್ದವರಿಗೆ ದೇವರೇ ಗತಿ. ಮಲಗುವುದು ಹಾಲ್‌ನಲ್ಲಿ, ನೆಲದ ಮೇಲೆ, ಸಾಲಾಗಿ. ಬೆನ್ನುನೋವಿದ್ದವರು ದಪ್ಪ ಜಮಖಾನ ತನ್ನಿ. ತಟ್ಟೆ, ಲೋಟ, ಚಮಚ, ಟಾರ್ಚು, ಒಂದು ಒಳ್ಳೆ ಚಾಕು, ಹತ್ತಿಯ ಹಗ್ಗ, ಸೊಳ್ಳೆ ಬತ್ತಿ ಇವನ್ನೆಲ್ಲ ಮನೆಯಿಂದಲೇ ಒಯ್ಯಿರಿ. ಹಗ್ಗ ನೈಲಾನಿನದು ಬೇಡ, ಗಂಟು ನಿಲ್ಲುವುದಿಲ್ಲ, ಜಾರುತ್ತದೆ. ಯೂನಿಫಾರ್ಮನ್ನು ಕೊನೆಯ ವಾರಕ್ಕೆ ಹೊಲಿಯಲು ಕೊಡಬೇಡಿ. ನಮ್ಮೂರ ದರ್ಜಿ ನನ್ನ ಎದೆಯ ಮೇಲಿನ ಎರಡು ಜೇಬನ್ನು ಎರಡು ಎತ್ತರದಲ್ಲಿ ಹೊಲಿದುಕೊಟ್ಟ. ಏಳು ದಿನದ ಇನ್‌ಸ್ಪೆಕ್ಷನ್ನಿನಲ್ಲೂ ಅದೇ ಜೇಬು ನೋಡಿ ತಲೆಯಾಡಿಸಿದರು.

ಊಟದ ವಿಷಯ ಮಾತ್ರ ಯಾರೂ ಬಾಯಿ ಬಿಡುವ ಹಾಗಿಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಬೆಳಿಗ್ಗೆ ಉಪ್ಪಿಟ್ಟು ಕೂಡ ಉದುರುದುರಾಗಿತ್ತು. ನಾಲ್ಕು ಸ್ಟಾರ್. ಐದನೆಯದು ಕಾಫಿಯಿಂದಾಗಿ ಹೋಯಿತು.

ದಿನಚರಿ ಹೀಗೆ: ಐದಕ್ಕೆ ಏಳುವುದು, ಬಿ.ಪಿ. ವ್ಯಾಯಾಮ (ಸ್ಕೌಟ್ ಶುರುಮಾಡಿದ ಬೇಡನ್ ಪೊವೆಲ್ ಹೆಸರಿನದು) ಆರು ಬಗೆಯದು, ಇನ್‌ಸ್ಪೆಕ್ಷನ್, ಕುದುರೆ ಲಾಳದ ಆಕಾರದಲ್ಲಿ ನಿಂತು ಧ್ವಜಾರೋಹಣ, ಪಾಠ, ಗಂಟು, ಆಟ, ಪಾಠ, ರಾತ್ರಿ ಕ್ಯಾಂಪ್ ಫೈರ್. ಕ್ಯಾಂಪ್ ಫೈರ್ ಅಂದರೆ ನಾವು ನಲವತ್ತೈದು, ಐವತ್ತರ ಹೆಂಗಸರು ಕಪ್ಪೆ ಹಾಗೆ ಕುಪ್ಪಳಿಸುವುದು. ಮೊದಲ ರಾತ್ರಿ ನಾಚಿಕೆ, ಮೂರನೇ ರಾತ್ರಿ ನಮ್ಮನ್ನು ನಿಲ್ಲಿಸುವವರೇ ಇರಲಿಲ್ಲ.

ಇಷ್ಟು ಹೊರಗಿನ ಲೆಕ್ಕ. ಇನ್ನು ಒಳಗಿನದು.

ಮೊದಲ ದಿನವೇ ನಮ್ಮನ್ನೆಲ್ಲ ಪೆಟ್ರೋಲ್ ಮಾಡಿ ಹಂಚಿದರು. ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ, "ನಾಡಿದ್ದು ನಾನು ಪೆಟ್ರೋಲ್ ಲೀಡರ್." ಅಮ್ಮ, "ಯಾಕೆ, ಬಂಕಲ್ಲಿ ಕೆಲಸಕ್ಕೆ ಹಾಕ್ತಾರಾ?" ಅಂದಳು. ಇಂಗ್ಲಿಷಿನವರ ಬಾಯಲ್ಲಿ ಆ ಪದ ಬೇರೆ ಥರ ಇರಬಹುದು, ನಮ್ಮ ಶಾಲೆಗಳಲ್ಲಿ ಅದು ಪೆಟ್ರೋಲ್ ಆಗಿಯೇ ನಿಂತಿದೆ, ನಾನೂ ಹಾಗೇ ಬರೆಯುತ್ತೇನೆ. ಆರರಿಂದ ಎಂಟು ಜನರ ಗುಂಪು, ಅದಕ್ಕೊಬ್ಬ ಲೀಡರ್, ಒಬ್ಬ ಸೆಕೆಂಡ್. ಸ್ಕೌಟ್ ಹುಡುಗರ ಪೆಟ್ರೋಲಿಗೆ ಪ್ರಾಣಿ ಪಕ್ಷಿಗಳ ಹೆಸರು, ಗೈಡ್ ಹುಡುಗಿಯರದ್ದಕ್ಕೆ ಹೂವಿನ ಹೆಸರು. ನಾನು ಸೇವಂತಿಗೆ.

ಪಾಠ ಕೇಳಿ ಬರೆದುಕೊಂಡು ಬರುವ ತರಬೇತಿ ಅಂದುಕೊಂಡು ಹೋದವಳಿಗೆ ಗೊತ್ತಾದದ್ದು ಇದು: ಅಲ್ಲಿ ನಮ್ಮನ್ನು ಶಿಕ್ಷಕಿಯರಾಗಿ ಕೂರಿಸುವುದಿಲ್ಲ, ಏಳೂ ದಿನ ಹದಿಮೂರು ವರ್ಷದ ಗೈಡ್‌ಗಳಾಗಿ ಇರಿಸುತ್ತಾರೆ. ಲೀಡರ್ ದಿನಕ್ಕೊಬ್ಬರು ಬದಲು. ಎರಡನೇ ದಿನ ಸೇವಂತಿಗೆಗೆ ಲೀಡರ್ ಆದವಳು ಇಪ್ಪತ್ತನಾಲ್ಕರ ಒಬ್ಬ ಖಾಸಗಿ ಶಾಲೆಯ ಟೀಚರ್. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳು. "ಮೇಡಂ, ನೀವು ನೀರು ತುಂಬಿಸಿ ಬಿಡಿ" ಅಂದಳು. ಹತ್ತೊಂಬತ್ತು ವರ್ಷದ ಸರ್ವಿಸ್ಸಿನವಳು ಎರಡು ಬಕೆಟ್ ಹಿಡಿದು ಹೊರಟೆ.

ಆವತ್ತು ಮಧ್ಯಾಹ್ನದ ಕೆಲಸ ಬಿದಿರಿನಲ್ಲಿ ತಟ್ಟೆ ಇಡುವ ಸ್ಟ್ಯಾಂಡ್ ಕಟ್ಟುವುದು. ಮೊಳೆ ಇಲ್ಲ, ತಂತಿ ಇಲ್ಲ, ಹಗ್ಗ ಮಾತ್ರ. ನಿಂತ ಗಳಕ್ಕೆ ಅಡ್ಡಗಳ ಕಟ್ಟುವ ಕಟ್ಟಿಗೆ ಸ್ಕ್ವೇರ್ ಲ್ಯಾಶಿಂಗ್ ಅನ್ನುತ್ತಾರೆ. ನಿಂತ ಗಳಕ್ಕೆ ಕ್ಲೋವ್ ಹಿಚ್ ಅನ್ನುವ ಗಂಟು ಹಾಕಿ ಶುರು ಮಾಡಿ, ಎರಡೂ ಗಳ ಸೇರಿಸಿ ಮೂರು ಸುತ್ತು ಸುತ್ತಿ, ಆಮೇಲೆ ಹಗ್ಗವನ್ನು ಎರಡು ಗಳಗಳ ನಡುವೆ ತೂರಿಸಿ ಆ ಸುತ್ತುಗಳನ್ನೇ ಹಿಂಡಿದ ಹಾಗೆ ಎರಡು ಸುತ್ತು ಬಿಗಿಯಬೇಕು. ಈ ಹಿಂಡುವ ಸುತ್ತಿಗೆ ಫ್ರ್ಯಾಪಿಂಗ್ ಅಂತ ಹೆಸರು. ಹೆಸರು ನನಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ನಮ್ಮಪ್ಪ ಅವರೆ ಚಪ್ಪರ ಕಟ್ಟುವಾಗ ಕಾಲನ್ನು ಗಳಕ್ಕೆ ಒತ್ತಿ ಹಿಡಿದು ಇದನ್ನೇ ಮಾಡುತ್ತಿದ್ದರು.

ನಮ್ಮ ಲೀಡರ್ ಹುಡುಗಿ ಮೂರು ಸುತ್ತು ಸುತ್ತಿ, ಹಿಂಡುವುದು ಬಿಟ್ಟು, ನೇರ ಗಂಟು ಹಾಕಿ ಮುಗಿಸಿಬಿಟ್ಟಳು. ಕಣ್ಣೆದುರಿಗೇ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹಿಂದಿನಿಂದ ಮೆಲ್ಲಗೆ ಒಂದು ದನಿ: "ಕೈ ಹಿಂದೆ ಕಟ್ಕೊಳ್ಳಿ ಮೇಡಂ. ಅವರೇನೂ ಕೇಳಿಲ್ವಲ್ಲ."

ಅದು ನಮ್ಮ ಎಲ್‌ಓಸಿ, ಅಂದರೆ ಕೋರ್ಸಿನ ಲೀಡರ್. ಅರವತ್ತು ದಾಟಿದವರು, ನಿವೃತ್ತ ಶಿಕ್ಷಕಿ, ಕುತ್ತಿಗೆಯ ಚರ್ಮದ ದಾರದಲ್ಲಿ ನಾಲ್ಕು ಮರದ ಮಣಿ. ಹಿಮಾಲಯ ವುಡ್ ಬ್ಯಾಡ್ಜ್ ಅನ್ನುವ ಮೇಲಿನ ಹಂತದ ತರಬೇತಿ ಆದವರಿಗೆ ಎರಡು ಮಣಿ, ಸಹಾಯಕ ತರಬೇತುದಾರರಿಗೆ ಮೂರು, ಲೀಡರ್ ಟ್ರೇನರಿಗೆ ನಾಲ್ಕು. ಸಂಬಳವಿಲ್ಲದ ಕೆಲಸ ಇದು. ಆ ಮಣಿ ಬಿಟ್ಟರೆ ಅವರಿಗೆ ಏನು ಗಿಟ್ಟುತ್ತದೋ ನನಗೆ ಕಾಣಲಿಲ್ಲ.

ಕೈ ಹಿಂದೆ ಕಟ್ಟಿದೆ. ಸಂಜೆ ಏಳೂವರೆಗೆ, ಮುದ್ದೆ ಬಡಿಸುವ ಹೊತ್ತಿಗೆ ಸರಿಯಾಗಿ, ಸ್ಟ್ಯಾಂಡ್ ವಾಲಿತು, ಎಂಟು ಸ್ಟೀಲ್ ತಟ್ಟೆ ಕಲ್ಲಿನ ಮೇಲೆ ಬಿದ್ದವು. ಆ ಸದ್ದಿಗೆ ಬೇರೆ ಪೆಟ್ರೋಲಿನವರೆಲ್ಲ ಚಪ್ಪಾಳೆ. ನಮ್ಮ ಹುಡುಗಿಯ ಕಣ್ಣಲ್ಲಿ ನೀರು. ಈಗ ಈ ಎಲ್‌ಓಸಿ ಮೇಡಂ ಬಂದು ಬೈಯುತ್ತಾರೆ ಅಥವಾ ತೋರಿಸಿಕೊಡುತ್ತಾರೆ ಅಂದುಕೊಂಡೆ. ಎರಡೂ ಇಲ್ಲ. ರಾತ್ರಿ ಕೋರ್ಟ್ ಆಫ್ ಆನರ್ ನಡೆಯಿತು. ಹೆಸರು ಕೇಳಿ ಹೆದರಬೇಡಿ, ಕಟಕಟೆ ಏನೂ ಇಲ್ಲ, ಎಲ್ಲ ಪೆಟ್ರೋಲ್ ಲೀಡರ್‌ಗಳು ದುಂಡಗೆ ಕೂತು ಆ ದಿನದ್ದನ್ನು ಮಾತಾಡಿ ಮರುದಿನದ್ದನ್ನು ತೀರ್ಮಾನಿಸುವ ಸಭೆ. ಕ್ಯಾಪ್ಟನ್ ಕೂರುತ್ತಾರೆ, ಸಲಹೆ ಕೊಡುತ್ತಾರೆ, ಸಭೆ ನಡೆಸುವುದು ಲೀಡರ್‌ಗಳೇ. ನಾವು ಹೊರಗಿನ ಸುತ್ತಿನಲ್ಲಿ ಕೂತು ನೋಡುವುದು. ಎಲ್‌ಓಸಿ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಸೇವಂತಿಗೆ, ಏನಾಯ್ತು?" ಕೇಳಿ ಸುಮ್ಮನಾದರು. ಎಷ್ಟು ಹೊತ್ತು ಸುಮ್ಮನಿದ್ದರೆಂದರೆ ಜೀರುಂಡೆ ಸದ್ದು ಕೇಳಿಸಿತು. ನಾವು ಟೀಚರುಗಳು ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಎರಡು ಸೆಕೆಂಡು ಕಾಯುವುದಿಲ್ಲ, 'ಗೊತ್ತಿಲ್ವಾ, ಕೂತ್ಕೊ' ಅನ್ನುತ್ತೇವೆ. ಹುಡುಗಿ ಮೊದಲು ಹಗ್ಗ ಸರಿ ಇರಲಿಲ್ಲ ಅಂದಳು, ಆಮೇಲೆ ನೆಲ ಗಟ್ಟಿ ಅಂದಳು, ಕೊನೆಗೆ ತಾನೇ, "ನಡುವೆ ಹಾಯಿಸಿ ಬಿಗಿಯೋದು ಬಿಟ್ಟೆ ಮೇಡಂ" ಅಂದಳು. ಮರುದಿನ ಅವಳು ಲೀಡರ್ ಅಲ್ಲದಿದ್ದರೂ ಐದಕ್ಕೂ ಮೊದಲೇ ಎದ್ದು ಸ್ಟ್ಯಾಂಡ್ ಕಟ್ಟಿದ್ದಳು. ಶಿಬಿರ ಮುಗಿಯುವ ತನಕ ಅದು ಅಲುಗಲಿಲ್ಲ. ಆಮೇಲೆ ಒಂದು ಬಕೆಟ್ಟನ್ನೂ ತೂಗುಹಾಕಿದೆವು.

ಈ ಕೋರ್ಸಿನಲ್ಲಿ ದುಡ್ಡು ಕೊಟ್ಟರೂ ಬೇರೆಲ್ಲೂ ಸಿಗದ ಸಾಮಾನು ಇದೊಂದೇ. ಗಂಟುಗಳನ್ನು ಮೊಬೈಲಿನಲ್ಲೇ ನೋಡಿ ಕಲಿಯಬಹುದು. ಗೊತ್ತಿದ್ದೂ ಸುಮ್ಮನಿರುವುದನ್ನು ಕಲಿಯಲು ಅದರೊಳಗೆ ಹೊಕ್ಕೇ ಕೂರಬೇಕು, ಅದೂ ಲೀಡರಿನ ಜಾಗದಲ್ಲಲ್ಲ, ಬಕೆಟ್ ಹಿಡಿದವಳ ಜಾಗದಲ್ಲಿ. ನನ್ನ ಸರದಿ ಬಂದಾಗ ಇನ್ನೊಂದು ಮುಖ ಕಂಡಿತು. ನಮ್ಮ ಪೆಟ್ರೋಲಿನಲ್ಲಿ ಎಲ್ಲ ಬಲ್ಲವರೊಬ್ಬರಿದ್ದರು, ಪ್ರತಿ ಮಾತಿಗೂ "ಹಂಗಲ್ಲ ಮೇಡಂ, ಹಿಂಗೆ" ಅನ್ನುವವರು. ಹನ್ನೊಂದು ಗಂಟೆಯ ಹೊತ್ತಿಗೆ ನಾನು 'ಏನು ಬೇಕಾದ್ರೂ ಮಾಡ್ಕೊಳ್ಳಿ' ಅನ್ನುವ ಸ್ಥಿತಿಗೆ ಬಂದಿದ್ದೆ. ನನ್ನ ಕ್ಲಾಸಿನ ಲೀಡರ್ ಹುಡುಗಿಯರು ವರ್ಷವಿಡೀ ನನ್ನೆದುರು ಯಾಕೆ ಹೂಂ ಹೂಂ ಅಂತ ತಲೆಯಾಡಿಸುತ್ತಾರೆ ಅಂತ ಆಗ ಹೊಳೆಯಿತು.

ಪಾಠಗಳ ಗುಣಮಟ್ಟ ಏರುಪೇರು. ಇತಿಹಾಸದ ತರಗತಿಯನ್ನು ಮುದ್ದೆ ಊಟವಾದ ಮೇಲೆ ಒಂದೂವರೆ ಗಂಟೆ ಇಟ್ಟವರಿಗೆ ಯಾವ ಬ್ಯಾಡ್ಜ್ ಕೊಡಬೇಕೋ ಗೊತ್ತಿಲ್ಲ. ತಾರೀಖು, ತಾರೀಖು, ತಾರೀಖು. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಕರೆದುಕೊಂಡು ಹೋಗಿ ಮೊದಲ ಶಿಬಿರ ಮಾಡಿದ. ಅದರಲ್ಲಿ ಸಿರಿವಂತರ ಶಾಲೆಯ ಹುಡುಗರೂ ಇದ್ದರು, ದುಡಿಯುವವರ ಮನೆ ಹುಡುಗರೂ ಇದ್ದರು. ಬೆರೆಸಿ ನಾಲ್ಕು ಪೆಟ್ರೋಲ್ ಮಾಡಿದ, ತೋಳ, ಗೂಳಿ, ಕಾಡುಕಾಗೆ, ಮತ್ತೆ ಕರ್ಲ್ಯೂ ಅನ್ನುವ ನೀರುಹಕ್ಕಿ. ಒಂದೊಂದಕ್ಕೂ ಒಬ್ಬ ಹುಡುಗನೇ ಮುಂದಾಳು. ಇಷ್ಟು ಹೇಳಿ 'ಅವತ್ತಿನಿಂದ ಇವತ್ತಿನವರೆಗೂ ಬದಲಾಗದೆ ಉಳಿದದ್ದು ಇದೊಂದೇ' ಅಂದಿದ್ದರೆ ನಮಗೂ ನಾಟುತ್ತಿತ್ತು. ಅವರು 1908ಕ್ಕೆ ಹಾರಿದರು, ನಾನು ತೂಕಡಿಸಿದೆ.

ಎಚ್ಚರಿಸಿದ್ದು ಎರಡು ಸಂಗತಿ. ಒಂದು, 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹುಡುಗರ ಸ್ಕೌಟ್ ರ‍್ಯಾಲಿ ನಡೆದಾಗ ಯಾರೂ ಕರೆಯದೆ ಒಂದಷ್ಟು ಹುಡುಗಿಯರು ಸ್ಕೌಟ್ ಟೋಪಿ ಹಾಕಿಕೊಂಡು ಬಂದು ನಾವೂ ಇದ್ದೇವೆ ಅಂತ ನಿಂತರಂತೆ. ಮರುವರ್ಷ ಬೇಡನ್ ಪೊವೆಲ್ ತನ್ನ ತಂಗಿ ಆಗ್ನೆಸ್‌ಗೆ ವಹಿಸಿ ಗರ್ಲ್ ಗೈಡ್ಸ್ ಶುರುಮಾಡಿದ. ಅಂದರೆ ನಾವು ಮಕ್ಕಳಿಗೆ ನಾಯಕತ್ವ 'ಕೊಡುತ್ತೇವೆ' ಅನ್ನುತ್ತೇವಲ್ಲ, ಗೈಡ್ ಚಳವಳಿ ಹುಟ್ಟಿದ್ದೇ ಹುಡುಗಿಯರು ತಾವಾಗಿ ಬಂದು ತಗೊಂಡದ್ದರಿಂದ. ಇನ್ನೊಂದು, ಅದೇ 1909ರಲ್ಲಿ ಇಡೀ ಹಿಂದೂಸ್ತಾನಕ್ಕೆ ಮೊದಲ ಸ್ಕೌಟ್ ದಳ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ, ಕ್ಯಾಪ್ಟನ್ ಬೇಕರ್ ಅನ್ನುವವನಿಂದ. ಆದರೆ ಅದು ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ. ನಮ್ಮ ಮಕ್ಕಳಿಗೆ ಬಾಗಿಲಿಲ್ಲ ಅಂತಲೇ ಆಮೇಲೆ ಆನಿ ಬೆಸೆಂಟ್ ಮದರಾಸಿನಲ್ಲಿ ಬೇರೆ ಸಂಘ ಕಟ್ಟಿದ್ದು, ಉತ್ತರದಲ್ಲಿ ಮಾಳವೀಯ, ಕುಂಜ್ರು, ಬಾಜಪೇಯಿ ಸೇವಾ ಸಮಿತಿ ಸ್ಕೌಟ್ ಮಾಡಿದ್ದು. ಎಲ್ಲ ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ಕ್ಕೆ, ಗೈಡ್‌ಗಳು ಬಂದು ಕೂಡಿದ್ದು 1951ರ ಆಗಸ್ಟ್ 15ಕ್ಕೆ. ದೊಡ್ಡಬಳ್ಳಾಪುರದ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟ್ ಹೆಸರು ಯಾಕೆ ಅಂತ ಕೇಳುವವರಿಗೆ ಉತ್ತರ ಇಲ್ಲಿದೆ.

ನನ್ನ ದೊಡ್ಡ ದೂರು ಬೇರೆ. ಏಳು ದಿನ 'ಸುಮ್ಮನಿರಿ, ಬಿಡಿ, ಮಕ್ಕಳೇ ಮಾಡಲಿ' ಅಂತ ಕಲಿಸುವವರು, ಎಲ್ಲಿ ಸುಮ್ಮನಿರಬಾರದು ಅನ್ನುವುದಕ್ಕೆ ಕೊಟ್ಟದ್ದು ಅರ್ಧ ಗಂಟೆ. ವಿಶ್ವ ಸ್ಕೌಟ್ ಸಂಸ್ಥೆಯ 'ಸೇಫ್ ಫ್ರಮ್ ಹಾರ್ಮ್' ಅನ್ನುವ ಮಕ್ಕಳ ರಕ್ಷಣೆಯ ನೀತಿಯ ಹೆಸರು ಬೋರ್ಡಿನ ಮೇಲೆ ಬರೆದರು, ಎರಡು ಮಾತು ಹೇಳಿದರು, ಟೀ ವಿಸಿಲ್ ಆಯಿತು. ತಟ್ಟೆ ಬಿದ್ದರೆ ಬೀಳಲಿ. ಬೆಂಕಿ, ನೀರು, ರಸ್ತೆ, ಕತ್ತಲು ಇಲ್ಲೆಲ್ಲ ಕೈ ಹಿಂದೆ ಕಟ್ಟಿ ನಿಲ್ಲುವುದಕ್ಕಾಗುತ್ತದಾ? ಪೆಟ್ರೋಲ್ ಲೀಡರ್ ಹುಡುಗಿಯೇ ಒಬ್ಬ ಚಿಕ್ಕವಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದರೆ? 'ಮಕ್ಕಳ ಆಡಳಿತ' ಅಂತ ಬಿಟ್ಟರೆ ಜೋರುಬಾಯಿಯವಳ ಆಡಳಿತ ಆಗುತ್ತದೆ, ಇಪ್ಪತ್ತೆರಡು ಹೆಣ್ಣುಮಕ್ಕಳ ನಡುವೆ ದಿನಾ ಇರುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇದಕ್ಕೆ ಅರ್ಧ ದಿನ ಕೊಡಿ, ಲಾಗ್‌ಬುಕ್ಕಿಗೆ ಬಣ್ಣದ ಪೆನ್ಸಿಲ್ಲಿನಲ್ಲಿ ಅಂಚು ಬಿಡಿಸುವುದನ್ನು ಕಡಿಮೆ ಮಾಡಿ ಅಂತ ಫೀಡ್‌ಬ್ಯಾಕ್ ಹಾಳೆಯಲ್ಲಿ ಬರೆದು ಬಂದಿದ್ದೇನೆ. ನನ್ನ ಲಾಗ್‌ಬುಕ್ಕಿಗೆ ಅಂಚು ಚೆನ್ನಾಗಿಲ್ಲ ಅಂತ ಷರಾ ಬಂತು, ಅದು ಬೇರೆ ಮಾತು.

ಸಾಮಾನು ಮನೆಗೆ ತಂದ ಮೇಲೆ ಹೇಗಿದೆ ಅನ್ನದಿದ್ದರೆ ರಿವ್ಯೂ ಪೂರ್ತಿಯಾಗುವುದಿಲ್ಲ. ಒಂದು ವರ್ಷ ಬಳಸಿ ನೋಡಿದ ಮೇಲಿನ ಮಾತು ಇದು.

ನಮ್ಮಲ್ಲಿ ಎಂಟು, ಒಂಬತ್ತನೇ ತರಗತಿ ಸೇರಿ ಇಪ್ಪತ್ತೆರಡು ಗೈಡ್‌ಗಳು. ಮುಂಚೆ ಲೀಡರ್ ಅಂದರೆ ಪರೀಕ್ಷೆಯಲ್ಲಿ ಫಸ್ಟ್ ಬಂದವಳು, ಮಾತಾಡಲು ಬರುವವಳು. ಈ ಸಲ ಮೂರು ಪೆಟ್ರೋಲ್ ಮಾಡಿ, ಹೆಸರೂ ಲೀಡರೂ ನೀವೇ ಆರಿಸಿಕೊಳ್ಳಿ ಅಂದೆ. ಮಲ್ಲಿಗೆ ಬಂತು, ಸಂಪಿಗೆ ಬಂತು, ಮೂರನೆಯವರು ತುಂಬೆ ಅಂದರು. "ಗುಲಾಬಿ ಅಂತ ಇಟ್ಕೊಳ್ರೇ, ಚೆನ್ನಾಗಿರುತ್ತೆ" ಅಂತ ನನ್ನ ಬಾಯಿ ಸುಮ್ಮನಿರಲಿಲ್ಲ. "ನಾವೇ ಇಟ್ಕೋಬೋದು ಅಂದ್ರಲ್ಲ ಮಿಸ್?" ಅಂದಳೊಬ್ಬಳು. ತುಂಬೆಯೇ ಆಯಿತು. ಆ ತುಂಬೆಯವರು ಲೀಡರ್ ಮಾಡಿಕೊಂಡದ್ದು ಕೊನೇ ಬೆಂಚಿನ ಹುಡುಗಿಯನ್ನು, ಗಣಿತದಲ್ಲಿ ಮೂವತ್ತೈದು ದಾಟಲು ಒದ್ದಾಡುವವಳು. ಯಾಕೆ ಅಂತ ಆಮೇಲೆ ಕೇಳಿದೆ. "ಅವಳು ಯಾರನ್ನೂ ಬಿಟ್ಟು ಬಸ್ಸು ಹತ್ತಲ್ಲ ಮಿಸ್" ಅಂದರು. ಇಷ್ಟು ದಿನ ನಾನು ಆ ಹುಡುಗಿಯ ಹೋಮ್‌ವರ್ಕ್ ನೋಡಿದ್ದೆ, ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ನೋಡಿರಲಿಲ್ಲ.

ಫಸ್ಟ್ ಬರುವವಳ ಅಪ್ಪ ಶಾಲೆಗೆ ಬಂದರು. "ಏನ್ ಮೇಡಂ, ನಮ್ಮ ಮಗಳು ಲೀಡರ್ ಅಲ್ವಂತೆ?" ಗೈಡ್‌ಗಳಿಗೆ ರಾಜ್ಯ ಮಟ್ಟದಲ್ಲಿ ಕೊಡುವ ರಾಜ್ಯ ಪುರಸ್ಕಾರದ ಸರ್ಟಿಫಿಕೇಟ್ ಮುಂದೆ ಉಪಯೋಗಕ್ಕೆ ಬರುತ್ತೆ ಅನ್ನುವುದು ಅವರ ಲೆಕ್ಕ. ಆ ಪರೀಕ್ಷೆಗೆ ಕೂರಲು ಲೀಡರೇ ಆಗಿರಬೇಕಿಲ್ಲ, ಮೊದಲು ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ ಅನ್ನುವ ಹಂತಗಳನ್ನು ದಾಟಬೇಕು ಅಂತ ಹೇಳಿ ಕಾಫಿ ಕುಡಿಸಿ ಕಳಿಸಿದೆ. ಅವರ ಮಗಳು ಈಗ ಸಂಪಿಗೆಯ ಸೆಕೆಂಡ್, ಮೀಟಿಂಗಿನ ನಡಾವಳಿ ಪುಸ್ತಕ ಅವಳ ಕೈಯಲ್ಲೇ. ನೀಟಾಗಿ ಬರೆಯುತ್ತಾಳೆ, ಅಂಚು ಸಮೇತ.

ಕೆಲಸ ನಡೆಯುವ ಬಗೆ ಹೊಸಬರಿಗೆ ಹೇಳುವುದಾದರೆ: ನಾನೀಗ ಇಪ್ಪತ್ತೆರಡು ಜನಕ್ಕೆ ಗಂಟು ಹೇಳಿಕೊಡುವುದಿಲ್ಲ. ಗುರುವಾರ ಊಟದ ಬಿಡುವಿನಲ್ಲಿ ಮೂವರು ಲೀಡರ್‌ಗಳಿಗೆ ಮಾತ್ರ ಹೇಳಿಕೊಡುತ್ತೇನೆ, ಶುಕ್ರವಾರ ಅವರು ತಮ್ಮ ತಮ್ಮ ಪೆಟ್ರೋಲಿಗೆ ಕಲಿಸುತ್ತಾರೆ. ತಪ್ಪು ಕಲಿಸಿದರೂ ಆ ವಾರ ತಪ್ಪೇ. ಮುಂದಿನ ಗುರುವಾರ ಸರಿಮಾಡುವುದು. ಶುಕ್ರವಾರಕ್ಕೆ ಬಂದದ್ದೂ ಅವರ ತೀರ್ಮಾನವೇ. ಶನಿವಾರ ಬೆಳಗಿನ ಶಾಲೆ, ಮುಗಿದ ಮೇಲೆ ಮೀಟಿಂಗ್ ಇಟ್ಟರೆ ಎರಡು ಹಳ್ಳಿಯ ಮಕ್ಕಳಿಗೆ ಬಸ್ಸು ತಪ್ಪುತ್ತದೆ. ಹೊಂಗೆ ಮರದ ಕೆಳಗೆ ಕೋರ್ಟ್ ಆಫ್ ಆನರ್ ಕೂತು ಶುಕ್ರವಾರ ಕೊನೇ ಪೀರಿಯಡ್ ಬೇಕು ಅಂದರು. ಅದು ಪಿ.ಟಿ. ಸರ್ ಪೀರಿಯಡ್ಡು. "ನಾನು ಕೇಳಲ್ಲ, ನೀವೇ ಕೇಳಿ" ಅಂದೆ. ಮೂವರೂ ಹೋಗಿ ಕೇಳಿಕೊಂಡು ಬಂದರು. ನಾನು ಕೇಳಿದ್ದರೆ ಸರ್ ಖಂಡಿತ ಕೊಡುತ್ತಿರಲಿಲ್ಲ, ನಮ್ಮಿಬ್ಬರಿಗೂ ಟೈಮ್‌ಟೇಬಲ್ ವಿಷಯದಲ್ಲಿ ಹಳೇ ಲೆಕ್ಕ ಇದೆ.

ಎಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಮೊದಲ ಹೈಕಿಗೆ ಊರ ಹಿಂದಿನ ಬೆಟ್ಟಕ್ಕೆ ಹೋದೆವು. ಹೆತ್ತವರ ಒಪ್ಪಿಗೆ ಪತ್ರ, ನನ್ನ ಜೊತೆಗೆ ಇನ್ನೊಬ್ಬ ಮೇಡಂ, ಫಸ್ಟ್ ಏಡ್, ಒಲೆ ಪಕ್ಕಕ್ಕೆ ಎರಡು ಬಕೆಟ್ ನೀರು, ಇಷ್ಟು ನನ್ನ ಜವಾಬ್ದಾರಿ. ಮಿಕ್ಕ ಅಡುಗೆ, ಸಾಮಾನು, ದಾರಿ ಎಲ್ಲ ಅವರದು. ಮಾಡುವುದು ಚಿತ್ರಾನ್ನ. ಒಲೆ ಹೊತ್ತಿಸಿ, ಒಗ್ಗರಣೆ ಸಿಡಿಸಿ, ನಿಂಬೆಹಣ್ಣು ಹೆಚ್ಚಿ ಆದ ಮೇಲೆ ಗೊತ್ತಾಯಿತು, ಉಪ್ಪಿಲ್ಲ. ಮೂರು ಪೆಟ್ರೋಲಿನವರೂ ಇನ್ನೊಬ್ಬರು ತರುತ್ತಾರೆ ಅಂದುಕೊಂಡಿದ್ದರು. ತುಂಬೆಯ ಲೀಡರ್ ಸುತ್ತಲೂ ನೋಡುತ್ತಿದ್ದಳು, ಕೆಳಗೆ ತೋಟದ ಮನೆಯೊಂದು ಕಾಣುತ್ತಿತ್ತು, ಅವಳ ಕಣ್ಣು ಅಲ್ಲಿಗೆ ಹೋದದ್ದನ್ನು ನಾನು ನೋಡಿದೆ. ಆದರೂ ತಾಯಿ ಬುದ್ಧಿ, ನನ್ನ ಬ್ಯಾಗಿನಲ್ಲಿ ಪುಟ್ಟ ಡಬ್ಬಿಯಲ್ಲಿ ಉಪ್ಪಿತ್ತು, ತೆಗೆದು ಕೊಟ್ಟುಬಿಟ್ಟೆ.

ಎಲ್ಲರೂ ಕೈ ಚಪ್ಪಾಳೆ ತಟ್ಟಿದರು, ನನಗೂ ಖುಷಿಯಾಯಿತು. ತುಂಬೆಯವಳು ಮಾತ್ರ ಕೆಳಗಿನ ಮನೆಯನ್ನು ಇನ್ನೊಂದು ಸಲ ನೋಡಿ ಸೌಟು ಹಿಡಿದಳು. ಅದರ ಬೆಲೆ ತಿಳಿದದ್ದು ಮುಂದಿನ ಹೈಕಿನ ಸಭೆಯಲ್ಲಿ. ಸಾಮಾನಿನ ಪಟ್ಟಿ ಬರೆಯಿರಿ ಅಂದರೆ ಮಲ್ಲಿಗೆಯವಳು, "ಬಿಡೇ, ಮಿಸ್ ಬ್ಯಾಗಲ್ಲಿ ಎಲ್ಲಾ ಇರುತ್ತೆ" ಅಂದಳು. ಮಿಕ್ಕವರು ನಕ್ಕರು, ಪಟ್ಟಿ ಅಲ್ಲಿಗೇ ನಿಂತಿತು. ಎರಡು ಚಮಚ ಉಪ್ಪಿಗೆ ಮೂರು ತಿಂಗಳ ಕೆಲಸ ಕೊಟ್ಟಿದ್ದೆ.

ಸಭೆಯ ಮಧ್ಯೆ ಕೈ ಎತ್ತಿದೆ. ನಮ್ಮಲ್ಲಿ ಕ್ಯಾಪ್ಟನ್ ಕೂಡ ಕೈ ಎತ್ತಿಯೇ ಮಾತಾಡಬೇಕು, ಇದನ್ನೂ ಅವರೇ ಮಾಡಿದ್ದು. "ಈ ಸಲ ನನ್ನ ಬ್ಯಾಗಲ್ಲಿ ಫಸ್ಟ್ ಏಡ್ ಬಿಟ್ರೆ ಏನೂ ಇರಲ್ಲ" ಅಂದೆ. ಯಾರೂ ನಂಬಲಿಲ್ಲ. ಬೆಟ್ಟದ ಮೇಲೆ ಮೂರು ಪೆಟ್ರೋಲಿನವರೂ ಒಂದೊಂದು ಕೆಜಿ ಉಪ್ಪಿನ ಪ್ಯಾಕೆಟ್ ತೆಗೆದಿಟ್ಟರು. ಬೆಂಕಿಪೊಟ್ಟಣ ಯಾರೂ ತಂದಿರಲಿಲ್ಲ. ಇಪ್ಪತ್ತೆರಡು ಜೋಡಿ ಕಣ್ಣು ನನ್ನ ಬ್ಯಾಗಿನ ಮೇಲೆ. ನಾನು ಬ್ಯಾಗ್ ಬಿಚ್ಚಿ ತೋರಿಸಿದೆ. ತುಂಬೆಯವಳು ಒಂದು ನಿಮಿಷ ಸುಮ್ಮನಿದ್ದು, ತನ್ನ ಸೆಕೆಂಡನ್ನು, ಮಲ್ಲಿಗೆಯ ಒಬ್ಬಳನ್ನು ತೋಟದ ಮನೆಗೆ ಓಡಿಸಿದಳು. ಜೊತೆಗೆ ಬಂದಿದ್ದ ಮೇಡಂ ಅವರ ಹಿಂದೆಯೇ ಹೋದರು, ಅದು ಮಾತ್ರ ನನ್ನ ತೀರ್ಮಾನ. ವಾಪಸ್ ಬರುವ ಹೊತ್ತಿಗೆ ನಲವತ್ತು ನಿಮಿಷ. ಮನೆಯ ಅಜ್ಜಿ ಬೆಂಕಿಪೊಟ್ಟಣದ ಜೊತೆಗೆ ಒಂದು ಹಿಡಿ ಕರಿಬೇವನ್ನೂ ಕೊಟ್ಟು, "ಯಾವ ಇಸ್ಕೂಲು, ನಿಮ್ ಮೇಸ್ಟ್ರಮ್ಮಂಗೆ ಅಷ್ಟೂ ಬುದ್ಧಿ ಇಲ್ವಾ, ಬೆಂಕಿಪೊಟ್ಣ ಇಲ್ದೆ ಕರ್ಕಂಡ್ ಬಂದವ್ಳೆ" ಅಂದರಂತೆ. ಊಟವಾದಾಗ ಮೂರು ಗಂಟೆ ದಾಟಿತ್ತು.

ಶುಕ್ರವಾರದ ನಡಾವಳಿ ಪುಸ್ತಕದಲ್ಲಿ ಹೀಗೆ ಬರೆದಿದೆ: 'ಬೆಂಕಿಪೊಟ್ಟಣ ಸಂಪಿಗೆಯ ಜವಾಬ್ದಾರಿ. ಉಪ್ಪು ಮಲ್ಲಿಗೆ ಮಾತ್ರ. ಮಿಸ್ ಬ್ಯಾಗ್ ನೋಡುವ ಹಾಗಿಲ್ಲ.'

ಹಾಗಾಗಿ ಹೆಸರು ಬಂದವರು ಹೋಗಿ, ತಪ್ಪಿಸಿಕೊಳ್ಳಬೇಡಿ. ಒಟ್ಟು ಐದಕ್ಕೆ ನಾಲ್ಕು ಕೊಡುತ್ತೇನೆ, ಚಿಲಕ ಹಾಕಿಸಿದರೆ ನಾಲ್ಕೂವರೆ. ಅಡ್ವಾನ್ಸ್ ಕೋರ್ಸಿಗೆ ನಾನು ಹೆಸರು ಕೊಟ್ಟಾಗಿದೆ, ಈ ಸಲ ಹೆಡ್ಮಾಸ್ಟರು ಹೇಳದೆಯೇ. ಇನ್ನು ಆ ಮೂರು ಕೆಜಿ ಉಪ್ಪು. ವಾಪಸ್ ಮನೆಗೆ ಒಯ್ಯಲು ಒಬ್ಬರೂ ಒಪ್ಪಲಿಲ್ಲ, ಬಿಸಿಯೂಟದ ಅಡುಗೆಮನೆಗೆ ಕೊಟ್ಟೆವು. ಮೊನ್ನೆ ಅಡುಗೆಯಮ್ಮ ಕೇಳಿದರು, "ಇನ್ನೊಂದ್ ಸಲ ಬೆಟ್ಟಕ್ಕೆ ಯಾವಾಗ ಹೋಗ್ತೀರಾ ಮಿಸ್? ಈ ಸಲ ಎಣ್ಣೆ ಮರೆಯಕ್ಕೆ ಹೇಳಿ ಮಕ್ಕಳಿಗೆ."